ಟೋಪೋ ಶೀಟ್‌ನಲ್ಲಿ ಕಾಣೋ ಕೋಡಿ ಹಳ್ಳ

ಪಹಣಿ, ಗ್ರಾಮ ನಕಾಶೆ ಎಲ್ಲಾ ರೈತರಿಗೂ ಗೊತ್ತು. ಟೋಪೋ ಶೀಟ್ ನೋಡಿದವರು ಕಮ್ಮಿ. ಯಾರ ಸರ್ವೆ ನಂಬರ್ ಎಲ್ಲಿಗೆ ಮುಗೀತದೆ ಅಂತ ಗ್ರಾಮ ನಕಾಶೆ ಹೇಳ್ತದೆ. ನೀರು ಎಲ್ಲಿಂದ ಎಲ್ಲಿಗೆ ಇಳೀತದೆ ಅಂತ ಟೋಪೋ ಶೀಟ್ ಹೇಳ್ತದೆ.

ಇದನ್ನ ಮಾಡೋದು 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ. 1802ರಲ್ಲಿ ಲ್ಯಾಂಬ್ಟನ್ ಅನ್ನೋ ಅಧಿಕಾರಿ ಮದ್ರಾಸಿನಿಂದ ತ್ರಿಕೋನ ಅಳತೆ ಶುರು ಮಾಡಿದ. ಬೆಂಗಳೂರಿನ ಹತ್ರಾನೂ ಸರಪಳಿ ಹಾಕಿ ನೆಲ ಅಳೆದ. ಆ ಲೆಕ್ಕದ ಮೇಲೇ ಮುಂದಿನ ನಕ್ಷೆಗಳು ನಿಂತವು. 1950ರ ದಶಕದವರೆಗೂ ನಕ್ಷೆಯ ಒಂದು ಇಂಚು ಅಂದ್ರೆ ನೆಲದ ಒಂದು ಮೈಲಿ. ಮೆಟ್ರಿಕ್ ಬಂದ ಮೇಲೆ 1:50,000 ಆಯ್ತು. ಕೋಲಾರ ಪಟ್ಟಣ ಇರೋ ಹಾಳೆ ನಂಬರ್ 57 ಕೆ/4. ಒಂದು ಹಾಳೆಗೆ ಸುಮಾರು 17 ಮೈಲಿ ಉದ್ದ, 17 ಮೈಲಿ ಅಗಲದ ಸೀಮೆ.

ಅದರಲ್ಲಿ ಕಂದು ಗೆರೆ ಎತ್ತರ ತೋರಿಸ್ತದೆ. ಇಂಚು-ಮೈಲಿ ಹಾಳೆಯಲ್ಲಿ ಗೆರೆಯಿಂದ ಗೆರೆಗೆ 50 ಅಡಿ. ಗೆರೆಗಳು ಒತ್ತಾಗಿದ್ರೆ ಕಡಿದಾದ ಇಳಿಜಾರು. ಮೇಲ್ಮುಖವಾಗಿ ಮೊನೆ ಚಾಚಿದ್ರೆ ಅಲ್ಲಿ ಹಳ್ಳ ಅಂತ ಲೆಕ್ಕ.

ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಅದಕ್ಕೇ ಹಳಬರು ಕೆರೆಗಳನ್ನ ಸಾಲಾಗಿ ಕಟ್ಟಿದ್ರು. ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನ ಕೆರೆಗೆ ನೀರು. ಹಳೇ ಹಾಳೆಯಲ್ಲಿ ಕೆರೆಗಳು ಮಣಿಸರದಂಗೆ ಕಾಣ್ತವೆ, ನಡುವೆ ದಾರದಂಗೆ ಕೋಡಿ ಹಳ್ಳ.

ಬೋರ್‌ವೆಲ್ ಕಾಲ ಬಂದ ಮೇಲೆ ಕೆರೆ ಒಣಗಿದ್ವು. ಹಳ್ಳದಲ್ಲಿ ನೀರಿಲ್ಲ ಅಂತ ಎಷ್ಟೋ ಕಡೆ ಸಮ ಮಾಡಿ ಉತ್ತರು, ನೀಲಗಿರಿ ಹಾಕಿದ್ರು, ಮೋರಿ ಇಲ್ಲದೆ ರಸ್ತೆ ಎಳೆದ್ರು. 2018ರಲ್ಲಿ ಕೆ.ಸಿ. ವ್ಯಾಲಿಯ ಶುದ್ಧೀಕರಿಸಿದ ನೀರು ಬಂತು. 2021ರ ನವೆಂಬರಿನಲ್ಲಿ ಮಳೆ ಹುಯ್ತು, ಕೆರೆಗಳು ಕೋಡಿ ಬಿದ್ವು. ಹಳ್ಳ ಮುಚ್ಚಿದ ಕಡೆ ನೀರು ರಾಗಿ, ಟೊಮ್ಯಾಟೊ ಹೊಲದ ಮೇಲೆ ಹರೀತು. ಹಳ್ಳ ಮುಚ್ಚಬಹುದು, ಇಳಿಜಾರು ಮುಚ್ಚೋಕಾಗಲ್ಲ.

ಟೋಪೋ ಶೀಟ್ ಇಟ್ಕೊಂಡು ಬದುವಿನ ಜಗಳ ತೀರಿಸೋಕೆ ಹೋಗಬೇಡಿ, ಅದಕ್ಕೆ ಕಂದಾಯ ದಾಖಲೆಯೇ ಬೇಕು. ಹತ್ತಡಿ ತಗ್ಗು ಈ ಗೆರೆಗಳಲ್ಲಿ ಕಾಣೋದೂ ಇಲ್ಲ. ಆದ್ರೆ ಜಮೀನು ಕೊಳ್ಳೋ ಮುಂಚೆ, ಕೃಷಿ ಹೊಂಡ ತೋಡೋ ಮುಂಚೆ ಎರಡೂ ನಕ್ಷೆ ಪಕ್ಕಪಕ್ಕ ಇಡಿ. ಟೋಪೋ ಶೀಟ್‌ನಲ್ಲಿ ಹಳ್ಳ ಇದ್ದು, ಪಹಣಿಯಲ್ಲಿ ಬಿ ಖರಾಬು ಅಂತ ಇದ್ರೆ, ಮೊದಲು ಆ ಜಾಗ ಬಿಟ್ಟು ಆಮೇಲೆ ಬೇಲಿ ಹಾಕಿ.