ಕಾಣದ ಹುಡುಗಿಗಾಗಿ ಹೊಳೆ ದಾಟಿದ ಕುದುರೆಗಳು

ಮುಖ ನೋಡದೆ ಮನಸ್ಸು ಕೊಡೋದು ಮೊಬೈಲ್ ಬಂದ ಮೇಲೆ ಶುರುವಾದ ಹುಚ್ಚು ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗೇನಿಲ್ಲ ವೀಕ್ಷಕರೇ. ಇವತ್ತು ಟಿ.ಬಿ. ಡ್ಯಾಂ ಕಟ್ಟಿಕೊಂಡಿರುವ ಇದೇ ತುಂಗಭದ್ರೆಯ ದಡದಲ್ಲಿ, ಆರುನೂರು ವರ್ಷದ ಹಿಂದೆ ಒಬ್ಬ ರಾಯ ತಾನು ಕಣ್ಣಿಂದ ಕಾಣದ ಹುಡುಗಿಯೊಬ್ಬಳಿಗೆ ಮನಸೋತ. ಅದು ಯುದ್ಧವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಎರಡು ಮದುವೆ ಆದವು. ಎರಡರಲ್ಲೂ ರಾಯ ಮದುಮಗನಲ್ಲ!

ಆ ರಾಯ ಒಂದನೇ ದೇವರಾಯ. 1406ರ ನವೆಂಬರ್‌ನಲ್ಲಿ ಪಟ್ಟಕ್ಕೆ ಬಂದವನು. ಹುಡುಗಿ ಮುದಗಲ್ಲಿನವಳು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅದೇ ಕೋಟೆಯ ಊರು. ಹಂಪಿಯಿಂದ ಉತ್ತರಕ್ಕೆ ಹೊರಟರೆ ಇವತ್ತು ಬೆಳಿಗ್ಗೆ ತಿಂಡಿ ತಿಂದು ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಆಗ ಅದು ಬೇರೆ ರಾಜ್ಯ, ಶತ್ರು ರಾಜ್ಯ. ನಡುವೆ ಹೊಳೆ, ಹೊಳೆಯಾಚೆ ಬಹಮನಿ ಸುಲ್ತಾನರ ಕಾವಲು.

ಕತೆಯನ್ನ ನಮಗೆ ಹೇಳುವವನು ಫರಿಶ್ತಾ. ಬಿಜಾಪುರದಲ್ಲಿ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿ ಕೂತು, ಘಟನೆ ನಡೆದು ಇನ್ನೂರು ವರ್ಷದ ಮೇಲೆ ಪಾರಸಿಯಲ್ಲಿ ಬರೆದವನು. 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿನಲ್ಲಿ ವಿಜಯನಗರದ ಇತಿಹಾಸ ಬರೆದಾಗ ಈ ಕತೆ ಮತ್ತೆ ಎಲ್ಲರ ಬಾಯಿಗೆ ಬಂತು. ಅಂದರೆ ಇದು ಗೆದ್ದವರ ಕಡೆಯ ವರದಿ. ನಾವು ಟಿ.ವಿ.ಯವರು ಒಂದೇ ಕಡೆಯ ಬೈಟ್ ತಗೊಂಡು ಸುದ್ದಿ ಮಾಡಿದರೆ ನೀವು ಬೈತೀರಲ್ಲ, ಹಾಗೇ ಇದನ್ನೂ ಒಂದು ಚಿಟಿಕೆ ಅನುಮಾನ ಇಟ್ಟುಕೊಂಡೇ ಕೇಳಬೇಕು.

ಫರಿಶ್ತಾ ಹೇಳುವ ಪ್ರಕಾರ ಮುದಗಲ್ಲಿನ ಒಬ್ಬ ಅಕ್ಕಸಾಲಿಗನಿಗೆ ಪರ್ತಾಲ್ ಅನ್ನೋ ಮಗಳು. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಬ್ರಾಹ್ಮಣನೊಬ್ಬ ಅವರ ಮನೆಯಲ್ಲಿ ತಂಗಿದ. ಹುಡುಗಿಯ ರೂಪ ಕಂಡು ಬೆರಗಾಗಿ, ಅಲ್ಲೇ ಉಳಿದು ಸಂಗೀತ, ನೃತ್ಯ ಕಲಿಸಿದ. ಆಮೇಲೆ ನೇರ ವಿಜಯನಗರಕ್ಕೆ ಬಂದು ರಾಯನ ಮುಂದೆ ವರ್ಣನೆ ಶುರು ಮಾಡಿದ. ಬರೀ ಮಾತು ಕೇಳಿಯೇ ದೇವರಾಯ ಕರಗಿಹೋದ. ಒಡವೆ, ಉಡುಗೊರೆ ಹೊರಿಸಿ ಅದೇ ಬ್ರಾಹ್ಮಣನನ್ನ ಹೆಣ್ಣು ಕೇಳೋಕೆ ವಾಪಸ್ ಕಳಿಸಿದ.

ಅಪ್ಪ ಅಮ್ಮನಿಗೆ ಆಕಾಶ ಮೂರೇ ಗೇಣು. ಯಾರಿಗಾಗಲ್ಲ ಹೇಳಿ? ಚಿನ್ನ ಕಾಯಿಸಿ ತಟ್ಟುವವರ ಮನೆಗೆ ಸಾಮ್ರಾಟನ ಸಂಬಂಧ! ಆದರೆ ಹುಡುಗಿ ಒಡವೆ ಕೊರಳಿಗೆ ಹಾಕಿಕೊಳ್ಳಲಿಲ್ಲ. ಒಲ್ಲೆ ಅಂದಳು. ಕಾರಣವನ್ನೂ ಕೊಟ್ಟಳು: ಆ ಅಂತಃಪುರ ಹೊಕ್ಕವಳು ಮತ್ತೆ ತಂದೆತಾಯಿ, ಬಂಧುಬಳಗದ ಮುಖ ನೋಡುವ ಹಾಗಿಲ್ಲ, ಅಂಥ ಸಿರಿ ನನಗೆ ಬೇಡ. ತಾನು ಮುಂದೆ ಇಸ್ಲಾಂ ಧರ್ಮಕ್ಕೆ ಸೇರುವವಳು ಅಂತ ಅವಳ ಮನಸ್ಸಿನಲ್ಲಿತ್ತು ಅನ್ನೋ ಮಾತನ್ನೂ ಫರಿಶ್ತಾ ಸೇರಿಸುತ್ತಾನೆ. ಅದು ಕತೆಯ ಕೊನೆ ಗೊತ್ತಿದ್ದವನು ಆಮೇಲೆ ಹೊಲಿದ ತೇಪೆ ಅಂತ ನನ್ನ ಅನುಮಾನ. ತವರಿನ ಮಾತು ಮಾತ್ರ ನಂಬುವಂಥದ್ದು. ದೂರದ ಊರಿಗೆ ಮಗಳನ್ನ ಕೊಟ್ಟ ಯಾವ ಮನೆಯಲ್ಲಾದರೂ ಕೇಳಿ ನೋಡಿ.

ಬೇಡ ಅಂದರೆ ಬೇಡ. ಅಷ್ಟಕ್ಕೆ ಬಿಡಬೇಕಿತ್ತು. ರಾಯ ಬಿಡಲಿಲ್ಲ. ಸೈನ್ಯ ಕಟ್ಟಿಕೊಂಡು ತುಂಗಭದ್ರೆಯವರೆಗೆ ಬಂದ, ಐದು ಸಾವಿರ ಕುದುರೆ ಸವಾರರನ್ನ ಹೊಳೆ ದಾಟಿಸಿ ಮುದಗಲ್ಲಿನ ಕಡೆ ಓಡಿಸಿದ. ಎಡವಟ್ಟು ನೋಡಿ, ಹುಡುಗಿಯ ಮನೆಗೆ ಮುಂಚೆ ಸುದ್ದಿ ಮುಟ್ಟಿಸಿಯೇ ಇರಲಿಲ್ಲ! ದಂಡು ಬರ್ತಿದೆ ಅಂತ ಕೇಳಿ ಊರ ಜನರ ಜೊತೆ ಅವಳ ಮನೆಯವರೂ ಓಡಿಹೋದರು. ಬರಿಗೈಯಲ್ಲಿ ಹಿಂದಿರುಗಿದ ಸವಾರರು ದಾರಿಯ ಹಳ್ಳಿಗಳನ್ನ ಲೂಟಿ ಮಾಡಿದರು. ಪ್ರೀತಿಯ ಹೆಸರಲ್ಲಿ ಮನೆ ಕಳೆದುಕೊಂಡ ಆ ರೈತರ ಲೆಕ್ಕವನ್ನ ಯಾರೂ ಬರೆದಿಡಲಿಲ್ಲ.

ಸುಲ್ತಾನ ಫಿರೂಜ್ ಷಾ ಬಹಮನಿಗೆ ಇಷ್ಟು ನೆಪ ಸಾಕಾಗಿತ್ತು. ಇಲ್ಲಿ ಒಂದು ಮಾತು. ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿಗಾಗಿ ಈ ಎರಡು ರಾಜ್ಯಗಳು ಮೊದಲೂ ಕಾದಾಡಿದ್ದವು, ಆಮೇಲೂ ಕಾದಾಡಿದವು. ಪರ್ತಾಲ್ ಹುಟ್ಟದೇ ಇದ್ದಿದ್ದರೂ ಯುದ್ಧ ತಪ್ಪುತ್ತಿರಲಿಲ್ಲ. ಹಾಗಿದ್ದೂ ಜನ ನೆನಪಿಟ್ಟುಕೊಂಡಿದ್ದು ಹೆಣ್ಣಿನ ಹೆಸರನ್ನ, ಭೂಮಿಯ ಆಸೆಯನ್ನಲ್ಲ!

ಫಿರೂಜ್ ವಿಜಯನಗರದ ಬೀದಿಯವರೆಗೆ ನುಗ್ಗಿದ, ಅಲ್ಲಿ ಪೆಟ್ಟು ತಿಂದ, ಕೈಗೆ ಗಾಯ ಮಾಡಿಕೊಂಡು ಹಿಂದೆ ಸರಿದ. ಆದರೆ ಅತ್ತ ಬಂಕಾಪುರ ಕೋಟೆ ಅವನ ಕಡೆಯವರ ಕೈಗೆ ಬಿತ್ತು. ದೇವರಾಯ ಸಂಧಿಗೆ ಬಂದ. ಷರತ್ತು ಕೇಳಿ: ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆ, ಹಾಡು ಕುಣಿತ ಬಲ್ಲ ಎರಡು ಸಾವಿರ ಹುಡುಗ ಹುಡುಗಿಯರು. ಇವೆಲ್ಲದರ ಮೇಲೆ ರಾಯನ ಮಗಳನ್ನ ಸುಲ್ತಾನನಿಗೆ ಮದುವೆ ಮಾಡಿಕೊಡಬೇಕು, ಬಂಕಾಪುರ ಬಳುವಳಿ.

ಮದುವೆ ವೈಭವವನ್ನ ಫರಿಶ್ತಾ ಬಾಯಿ ಚಪ್ಪರಿಸಿಕೊಂಡು ಬರೆದಿದ್ದಾನೆ. ನಲವತ್ತು ದಿನ ಸಂಭ್ರಮ. ಸುಲ್ತಾನನ ಬಿಡಾರದಿಂದ ಊರಿನವರೆಗೆ ದಾರಿಯ ಎರಡೂ ಬದಿ ಅಂಗಡಿ, ಆಟ, ಮೋಡಿ. ಊರ ಬಾಗಿಲಿಂದ ಅರಮನೆಯವರೆಗೆ ಮಖಮಲ್ಲು, ಜರತಾರಿ ಹಾಸು. ತಲೆಯ ಮೇಲೆ ಬಂಗಾರ ಬೆಳ್ಳಿಯ ಹೂ. ಮೂರು ದಿನ ಮಾವನ ಮನೆಯ ಆತಿಥ್ಯ ಉಂಡು ಸುಲ್ತಾನ ಹೊರಟ. ದೇವರಾಯ ಸ್ವಲ್ಪ ದೂರ ಜೊತೆಗೆ ಬಂದು, ಅರ್ಧ ದಾರಿಯಲ್ಲೇ ಕುದುರೆ ತಿರುಗಿಸಿಬಿಟ್ಟ. ಬಿಡಾರದವರೆಗೆ ಕಳಿಸೋಕೆ ಬರಲಿಲ್ಲವಲ್ಲ ಅಂತ ಅಳಿಯ ಸಿಟ್ಟಾದ, ಇದಕ್ಕೆ ಸೇಡು ತೀರಿಸ್ತೀನಿ ಅಂದ. ಬೀಗರ ಮುನಿಸು ಅಂದರೆ ನಮ್ಮ ಕಡೆ ಇವತ್ತಿಗೂ ಹೀಗೇ ಅಲ್ವಾ, ಎಲೆಯ ಮೇಲೆ ಹಪ್ಪಳ ಬೀಳಲಿಲ್ಲ ಅಂತಲೂ ಆಗುತ್ತೆ.

ಇನ್ನು ಪರ್ತಾಲ್. ಫಿರೂಜ್ ಅವಳನ್ನ ತಂದೆತಾಯಿ ಸಮೇತ ಆಸ್ಥಾನಕ್ಕೆ ಕರೆಸಿದ. ತನಗೆ ವಯಸ್ಸಾಯಿತು ಅಂತ ಮಗ ಹಸನ್ ಖಾನನಿಗೆ ಮದುವೆ ಮಾಡಿದ. ಅಕ್ಕಸಾಲಿಗನಿಗೆ ಹಣ, ಜಮೀನು ಕೊಟ್ಟ. ರಾಯನಿಗೆ ಒಲ್ಲೆ ಅನ್ನೋ ಅವಕಾಶವಾದರೂ ಅವಳಿಗಿತ್ತು. ಗೆದ್ದ ಸುಲ್ತಾನನ ಮುಂದೆ ಅವಳನ್ನ ಮತ್ತೊಮ್ಮೆ ಯಾರಾದರೂ ಕೇಳಿದ್ದರಾ?

ರಾಯನ ಮಗಳನ್ನ ಮೊದಲ ಸಲವೂ ಕೇಳಿರಲಿಕ್ಕಿಲ್ಲ. ಆ ರಾಜಕುಮಾರಿಯ ಹೆಸರನ್ನೂ ಈ ಕತೆ ಹೇಳುವುದಿಲ್ಲ. ಆನೆ ಐವತ್ತು, ಮುತ್ತು ಐದು ಮಣ ಅಂತ ಎಣಿಸಿ ಬರೆದವರಿಗೆ ಹುಡುಗಿಯ ಹೆಸರು ಬೇಕಾಗಲಿಲ್ಲ. ಅಪ್ಪ ಕಾಣದ ಹೆಣ್ಣಿಗೆ ಮನಸೋತಿದ್ದರ ದಂಡ ಕಟ್ಟಿದವಳು ಅವಳು.

ಸಂಬಂಧ ಬೆಳೆಸಿದ್ದರಿಂದ ಶಾಂತಿ ಬಂತಾ? ಇಲ್ಲ. ಹತ್ತು ಹನ್ನೆರಡು ವರ್ಷ ಕಳೆಯುವುದರೊಳಗೆ ಫಿರೂಜ್ ಪಾನಗಲ್ಲಿನ ಕೋಟೆಗೆ ಮುತ್ತಿಗೆ ಹಾಕಿ ಸೋತು ಸುಣ್ಣವಾದ. 1422ರಲ್ಲಿ ಪಟ್ಟ ಅವನ ತಮ್ಮ ಅಹಮದನ ಪಾಲಾಯಿತು. ಪರ್ತಾಲಳ ಗಂಡ ಹಸನ್ ಸುಲ್ತಾನನಾಗಲಿಲ್ಲ. ಭೀಮಾ ತೀರದ ಫಿರೂಜಾಬಾದಿನ ಅರಮನೆಯಲ್ಲಿ, ಚಿಕ್ಕಪ್ಪ ಹಾಕಿಕೊಟ್ಟ ಗೆರೆಯೊಳಗೆ ಬೇಟೆಯಾಡಿಕೊಂಡು ಇದ್ದ.

ದೇವರಾಯ ಮಾತ್ರ ಅದೇ ಹೊಳೆಗೆ ಮತ್ತೆ ಬಂದ, ಈ ಸಲ ಕುದುರೆ ದಾಟಿಸೋಕಲ್ಲ. ತುಂಗಭದ್ರೆಗೆ ಅಡ್ಡಗಟ್ಟೆ ಹಾಕಿಸಿ ಕಾಲುವೆಯಲ್ಲಿ ನೀರನ್ನ ರಾಜಧಾನಿಗೆ ಹರಿಸಿದ ಕೀರ್ತಿಯನ್ನ ಇತಿಹಾಸಕಾರರು ಅವನಿಗೇ ಕೊಡುತ್ತಾರೆ. ಕಾಲ ಸುಮಾರು 1410, ಮಗಳನ್ನ ಕಳಿಸಿಕೊಟ್ಟು ಮೂರು ನಾಲ್ಕು ವರ್ಷ ಆಗಿತ್ತು.