ಕಡಲ ಕರೆಯ ಮಕ್ಕಳ ಶಾಲೆ: ಒಂದಿಷ್ಟು ಹಿಂದಿನ ಕಥೆ

ಕಳೆದ ದೀಪಾವಳಿ ಕಾರ್ಯಕ್ರಮ ಮುಗಿದು, ರೇನರ್ಸ್ ಲೇನಿನ ಬಾಡಿಗೆ ಹಾಲಿನಲ್ಲಿ ಪಾತ್ರೆ ತೊಳೆಯುತ್ತ ನಿಂತಿದ್ದಾಗ ನಮ್ಮಲ್ಲೊಬ್ಬರು ಮಾತು ತೆಗೆದರು. ಉಳಿದ ಹಣದಲ್ಲಿ ನಮ್ಮ ಕರಾವಳಿಯ ಯಾವುದಾದರೂ ಬಡ ಮೀನುಗಾರರ ಕೇರಿಯಲ್ಲಿ ಪುಟ್ಟ ಮಕ್ಕಳಿಗೊಂದು ಶಾಲೆ ಕಟ್ಟಿಸಿದರೆ ಹೇಗೆ? ಎಲ್ಲರೂ ಹೂಂಗುಟ್ಟಿದೆವು. ಹೆಂಚೋ ತಾರಸಿಯೋ, ಬಳಗದ ಹೆಸರಿನ ಕಲ್ಲು ಬಾಗಿಲ ಎಡಕ್ಕೋ ಬಲಕ್ಕೋ ಎಂಬಲ್ಲಿಯವರೆಗೂ ಚರ್ಚೆ ಹೋಯಿತು. ಮನೆಗೆ ಬಂದ ಮೇಲೆ, ಇಂಥ ಕೆಲಸವನ್ನು ನಮಗಿಂತ ಮುಂಚೆ ಮಾಡಿದವರು ಹೇಗೆ ಮಾಡಿದರೆಂದು ನೋಡಬೇಕೆನಿಸಿತು. ಹಾಗೆ ನೋಡಿದ್ದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲು ನೆನಪಾಗುವವರು ಕುದ್ಮುಲ್ ರಂಗರಾಯರು. ಮಂಗಳೂರಿನ ಪುರಭವನಕ್ಕೆ ಅವರ ಹೆಸರೇ ಇದೆ. ಆ ಭವನದಲ್ಲಿ ಯಕ್ಷಗಾನ ನೋಡಿದ ನಮ್ಮಲ್ಲಿ ಹಲವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1859ರಲ್ಲಿ ಹುಟ್ಟಿದ ರಂಗರಾಯರು ಸಾರಸ್ವತ ಬ್ರಾಹ್ಮಣರು, ವಕೀಲರು, ಬ್ರಹ್ಮಸಮಾಜದವರು. ಊರು ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗಾಗಿ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದರು. ಊರವರ ವಿರೋಧದಿಂದ ಅದು ನೆಲೆ ನಿಲ್ಲಲಿಲ್ಲ. ಅವರು ಬಿಡಲಿಲ್ಲ. ಕಂಕನಾಡಿ, ಬೋಳಾರ, ಮುಲ್ಕಿ, ಉಡುಪಿ ಎಂದು ಶಾಲೆಗಳನ್ನು ತೆರೆಯುತ್ತ ಹೋದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದ್ದರು.

ನಮಗೆ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಕೂಲಿಯ ಮನೆಯಲ್ಲಿ ಮಗುವಿನ ಕೈಗೂ ಕೆಲಸವಿತ್ತು. ದನ ಕಾಯಬೇಕು, ಸೌದೆ ತರಬೇಕು, ಇನ್ನೂ ಚಿಕ್ಕದನ್ನು ಸೊಂಟದಲ್ಲಿ ಹೊರಬೇಕು. ಆದ್ದರಿಂದ ರಂಗರಾಯರು ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರಂತೆ, ಮಧ್ಯಾಹ್ನ ಊಟ ಹಾಕುತ್ತಿದ್ದರಂತೆ. ಶಾಲೆಗೆ ಶುಲ್ಕ ಕಟ್ಟುವ ನಮಗೆ ಇದು ತಿರುಗುಮುರುಗಾಗಿ ಕಾಣಬಹುದು. ಮಗು ಶಾಲೆಗೆ ಬಂದರೆ ಮನೆಗೆ ಆಗುವ ನಷ್ಟವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು, ಅಷ್ಟೆ. ಅಕ್ಷರದ ಜತೆಗೆ ನೇಯ್ಗೆ, ಮರಗೆಲಸಗಳನ್ನೂ ಕಲಿಸಿದರು. 1928ರಲ್ಲಿ ತೀರಿಕೊಂಡರು. ಲಂಡನ್ನಿನ ನಮಗೆ ಇಷ್ಟವಾಗುವ ಒಂದು ಸಂಗತಿಯೂ ಇದೆ. 1930ರಲ್ಲಿ ಇಲ್ಲಿ ನಡೆದ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರಾದ ರಾಧಾಬಾಯಿ ಸುಬ್ಬರಾಯನ್ ಅವರು ಇದೇ ರಂಗರಾಯರ ಮಗಳು.

ಅವರದು ಓದುಬರಹದ ವಯಸ್ಸಿನ ಮಕ್ಕಳ ಶಾಲೆ. ಮೂರು ನಾಲ್ಕು ವರ್ಷದ ಕೂಸುಗಳ ಕಥೆಗೆ ಅದೇ ಅರಬ್ಬೀ ಸಮುದ್ರದ ದಂಡೆಯಲ್ಲಿ ಉತ್ತರಕ್ಕೆ, ಮುಂಬಯಿ ದಾಟಿ ಬೊರ್ಡಿ ಎಂಬ ಹಳ್ಳಿಗೆ ಹೋಗಬೇಕು. (ನಮ್ಮ ಸ್ಟೇಷನ್ ಹತ್ತಿರದ ಹಳೆಯ ಸಿನೆಮಾ ಮಂದಿರದಲ್ಲಿ ಈಗ ಪಾರ್ಸಿಗಳ ಕೇಂದ್ರವಿದೆಯಲ್ಲ, ಅವರ ಪೂರ್ವಜರು ಹಡಗಿನಿಂದ ಇಳಿದರೆನ್ನುವ ಸಂಜಾನ್ ಬೊರ್ಡಿಯ ನೆರೆಯಲ್ಲೇ ಇದೆ.) 1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಬಾಲವಾಡಿ ತೆರೆದರು. ಅನುತಾಯಿ ವಾಘ್ ಜತೆಯಾದರು. ಹರಿಜನ ಕೇರಿಯ ಮಕ್ಕಳು ಮಾತ್ರ ಬಾಲವಾಡಿಯತ್ತ ಬರಲಿಲ್ಲ. ಆಗ ಈ ಹೆಂಗಸರು ಬಾಲವಾಡಿಯನ್ನೇ ಹೊತ್ತುಕೊಂಡು ಕೇರಿಯ ಅಂಗಳಕ್ಕೆ ಹೋದರು. ಅಂಗನವಾಡಿ ಎಂಬ ಹೆಸರು ಬಂದದ್ದು ಹಾಗೆ. ತಾರಾಬಾಯಿ ಮಾಂಟೆಸ್ಸರಿ ಪದ್ಧತಿಯಲ್ಲಿ ಪಳಗಿದವರು. ಆದರೆ ಬೆಲೆಬಾಳುವ ಮರದ ಸಾಮಾನುಗಳನ್ನು ಬದಿಗಿಟ್ಟು ಎಲೆ, ಬೀಜ, ಕಪ್ಪೆಚಿಪ್ಪುಗಳಿಂದ ಎಣಿಕೆ ಕಲಿಸಿದರು. ಕಟ್ಟಡ ಅಲ್ಲಿ ಕೊನೆಯ ಮಾತು.

ನಮ್ಮ ಊರಾದ ಈ ಲಂಡನ್ನಿನಲ್ಲೂ ಅಂಥದೇ ನಡೆದಿದೆ. ಥೇಮ್ಸ್ ದಂಡೆಯ ಡೆಟ್‌ಫರ್ಡಿನ ಬಡ ಕೇರಿಯಲ್ಲಿ ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಅಕ್ಕತಂಗಿಯರು 1914ರಲ್ಲಿ ತೆರೆದ ಬಯಲು ಶಿಶುಶಾಲೆಯಲ್ಲಿ ಸ್ನಾನ, ಊಟ, ತೋಟದ ಗಾಳಿ, ಇವೇ ಮೊದಲ ಪಾಠ.

ಸರ್ಕಾರದ ಅಂಗನವಾಡಿ ಬಂದದ್ದು 1975ರ ಅಕ್ಟೋಬರ್ 2ರಂದು, ದೇಶದಲ್ಲಿ 33 ಯೋಜನೆಗಳಾಗಿ. ಕರ್ನಾಟಕದ ಪಾಲಿಗೆ ಮೊದಲು ಸಿಕ್ಕಿದ್ದು ತಿರುಮಕೂಡಲು ನರಸೀಪುರ. ಈಗ ಕರಾವಳಿಯಲ್ಲೂ ಅಂಗನವಾಡಿಗಳಿವೆ. ಹಾಗಾದರೆ ನಾವು ಕಟ್ಟುವುದೇನು? ನಮ್ಮಲ್ಲಿ ಮಲ್ಪೆ, ಉಳ್ಳಾಲದ ಕಡೆಯವರು ಹೇಳುವುದನ್ನು ಕೇಳಿ. ಮೀನು ಮಾರುವ ತಾಯಿ ದಕ್ಕೆಗೆ ಹೊರಡುವುದು ಬೆಳಕು ಹರಿಯುವ ಮುಂಚೆ. ಶಾಲೆಯ ಬಾಗಿಲು ತೆರೆಯುವುದು ಬಿಸಿಲೇರಿದ ಮೇಲೆ. ನಡುವಿನ ಹೊತ್ತು ಮಗುವನ್ನು ನೋಡಿಕೊಳ್ಳುವವಳು ಅಕ್ಕ. ತಮ್ಮನಿಗಾಗಿ ತಪ್ಪುವುದು ಅವಳ ಪಾಠ. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ತಿಂಗಳುಗಳಲ್ಲಿ ಮನೆಯಲ್ಲಿ ಕಾಸು ಕಡಿಮೆ, ಮಗುವಿಗೆ ಶಾಲೆಯ ಊಟ ಹೆಚ್ಚು ಬೇಕಾಗುವುದೂ ಆಗಲೇ. ಕಡಲ್ಕೊರೆತವಿರುವ ಕಡೆ ದಂಡೆಗೆ ಹತ್ತಿರ ಗೋಡೆ ಎಬ್ಬಿಸಿದರೆ ಅದು ಎಷ್ಟು ಮಳೆಗಾಲ ನಿಂತೀತು? ಇನ್ನು ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಬೆಳಗಿನ ಜಾವದ ಕೆಲಸವನ್ನೂ ಅವಳ ಮೇಲೆ ಹೇರುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಹೊಸ ಕೋಣೆಯ ಹಣವನ್ನು ಸದ್ಯ ಕೈಯಲ್ಲೇ ಇಟ್ಟುಕೊಂಡು, ಇರುವ ಅಂಗನವಾಡಿಯ ಪಕ್ಕದಲ್ಲೇ ಒಂದು ಜಗಲಿಯನ್ನು ಗೊತ್ತು ಮಾಡಿ, ದಕ್ಕೆಯ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಅದೇ ಕೇರಿಯ ಇಬ್ಬರು ಹೆಂಗಸರಿಗೆ ಸರಿಯಾದ ಸಂಬಳ, ಮಕ್ಕಳಿಗೆ ಬೆಳಗಿನ ಗಂಜಿ. ಇದನ್ನು ಮೂರು ವರ್ಷ ತಪ್ಪದೆ ಕೊಡಲು ನಮ್ಮಿಂದಾದೀತೇ ಎಂದು ಮೊದಲು ಲೆಕ್ಕ ಹಾಕೋಣ. ಕಲ್ಲಿನ ಮೇಲೆ ಹೆಸರು ಬೇಕೆನ್ನುವವರಿಗೆ ಬೇಸರವಾದರೆ ಕ್ಷಮೆ ಇರಲಿ.

ಈ ಬೇಸಿಗೆ ರಜೆಯಲ್ಲಿ ಮಂಗಳೂರು, ಉಡುಪಿಯ ಕಡೆ ಹೋಗುವವರು ಒಂದು ಬೆಳಗ್ಗೆ ದಕ್ಕೆಗೆ ಹೋಗಿ, ಮೀನು ಕೊಳ್ಳುವ ನೆಪದಲ್ಲಾದರೂ ಆ ತಾಯಂದಿರನ್ನು ಮಾತಾಡಿಸಿಕೊಂಡು ಬನ್ನಿ. ಎಷ್ಟು ಗಂಟೆಗೆ ಬಾಗಿಲು ತೆರೆದಿರಬೇಕೆಂದು ಅವರೇ ಹೇಳಲಿ. ಸೆಪ್ಟೆಂಬರ್ ಸಭೆಯಲ್ಲಿ ಕಟ್ಟಡದ ನಕ್ಷೆಗಿಂತ ಮುಂಚೆ ಅವರ ಉತ್ತರವನ್ನು ಓದೋಣ.