ಕಾಣದ್ದನ್ನು ಬಲ್ಲವರು ಯಾರು?



ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮಗೆ ‘ಗಾಯಬ್’ ಎಂಬ ಮಾತು ಹೊಸದಲ್ಲ. ಇಟ್ಟ ಸಾಮಾನು ಇಟ್ಟಲ್ಲಿ ಸಿಗದಿದ್ದರೆ ಕನ್ನಡದಲ್ಲಿ ‘ಗಾಯಬ್ ಆತು’ ಎನ್ನುತ್ತೇವೆ, ಮರಾಠಿಯಲ್ಲಿ ‘ಗಾಯಬ್ ಝಾಲಂ’ ಎನ್ನುತ್ತೇವೆ. ಇದು ಅರಬ್ಬಿಯ ‘ಗೈಬ್’ ಎಂಬ ಮಾತಿನ ಬಳಗದ್ದು. ಗೈಬ್ ಎಂದರೆ ಮನುಷ್ಯನ ಕಣ್ಣಿಗೆ ಮರೆಯಾದದ್ದು. ನಾಳೆ ಏನಾಗುವುದು, ಸಾವು ಎಲ್ಲಿ ಬರುವುದು, ಸತ್ತ ಮೇಲೆ ಏನು, ಇದೆಲ್ಲ ಗೈಬ್. ಪ್ರವಾದಿಯಾದವರಿಗೆ ಇದು ತಿಳಿದಿರುತ್ತದೆಯೇ? ಇಸ್ಲಾಮಿನ ಇತಿಹಾಸದಲ್ಲಿ ಇದು ಬಹಳ ಹಳೆಯ ಪ್ರಶ್ನೆ.

ಏಳನೆಯ ಶತಮಾನದ ಅರಬಸ್ತಾನದಲ್ಲಿ ‘ಕಾಹಿನ್’ ಎಂಬವರಿದ್ದರು. ನಮ್ಮ ಕಡೆ ಕಣಿ ಹೇಳುವವರಿದ್ದ ಹಾಗೆ. ಪ್ರಾಸ ಕಟ್ಟಿ ಭವಿಷ್ಯ ನುಡಿದು ಕಾಣಿಕೆ ಪಡೆಯುತ್ತಿದ್ದರು. ಮೆಕ್ಕಾದ ವಿರೋಧಿಗಳು ಮುಹಮ್ಮದ್ ಪೈಗಂಬರರನ್ನೂ ಕಾಹಿನ್ ಎಂದು ಹೀಯಾಳಿಸಿದರು. ಕುರಾನು ಅದನ್ನು ಅಲ್ಲಗಳೆಯಿತು. ಪೈಗಂಬರರು ಕಣಿಯ ಕಾಣಿಕೆಯನ್ನೇ ನಿಷೇಧಿಸಿದರು. ‘ಪೈಗಂಬರ್’ ಎಂಬುದು ಫಾರಸಿ ಮಾತು. ಪೈಗಾಮ್ ಎಂದರೆ ಸಂದೇಶ, ಅದನ್ನು ಹೊತ್ತು ತರುವವರು ಪೈಗಂಬರ್.

ಹದೀಸ್ ಗ್ರಂಥಗಳಲ್ಲಿರುವ ಮೂರು ಪ್ರಸಂಗಗಳನ್ನು ಕೇಳಿರಿ.

ಮದೀನಾದಲ್ಲಿ ರುಬಯ್ಯಿ ಎಂಬ ಹೆಣ್ಣುಮಗಳ ಮದುವೆ. ಹುಡುಗಿಯರು ದಫ್ ಬಾರಿಸುತ್ತ, 624ರ ಬದರ್ ಕಾಳಗದಲ್ಲಿ ಮಡಿದ ಹಿರಿಯರನ್ನು ಹಾಡಿ ಹೊಗಳುತ್ತಿದ್ದರು. ಪೈಗಂಬರರು ಬಂದು ಕುಳಿತಾಗ ಒಬ್ಬಳು, ನಾಳಿನದನ್ನು ಬಲ್ಲ ಪ್ರವಾದಿ ನಮ್ಮ ನಡುವೆ ಇದ್ದಾರೆಂದು ಹಾಡಿದಳು. ಅವರು ಆ ಮಾತನ್ನು ಬಿಟ್ಟು, ಮೊದಲು ಹಾಡುತ್ತಿದ್ದುದನ್ನೇ ಹಾಡು ಎಂದರು. ಹಾಡು ನಿಲ್ಲಲಿಲ್ಲ, ಆ ಒಂದು ಹೊಗಳಿಕೆ ಮಾತ್ರ ನಿಂತಿತು.

ಎರಡನೆಯದು ಖರ್ಜೂರದ ತೋಟದ್ದು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಹೂವಿನ ಪರಾಗವನ್ನು ರೈತರು ಮರ ಹತ್ತಿ ಹೆಣ್ಣು ಗೊಂಚಲಿಗೆ ಸೇರಿಸುತ್ತಾರೆ. ಇದರಿಂದ ಏನೂ ಪ್ರಯೋಜನವಿರಲಾರದು ಎಂದು ಪೈಗಂಬರರು ಅಂದದ್ದನ್ನು ಕೇಳಿ ಮದೀನಾದ ರೈತರು ಆ ಕೆಲಸ ಬಿಟ್ಟರು. ಫಸಲು ಕೆಟ್ಟಿತು. ಆಗ ಅವರು ತಾವೂ ಮನುಷ್ಯರೇ, ಧರ್ಮದ ಮಾತನ್ನು ತಮ್ಮಿಂದ ತೆಗೆದುಕೊಳ್ಳಿ, ಲೋಕದ ಕಸುಬನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂದು ತಿಳಿಸಿದರು.

ಮೂರನೆಯದು ದುಃಖದ್ದು. ಪೈಗಂಬರರ ಮಗ ಇಬ್ರಾಹೀಮ್ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ. ಅದೇ ದಿನ ಸೂರ್ಯಗ್ರಹಣ. ಖಗೋಳದ ಲೆಕ್ಕ ಹಾಕಿದವರು ಅದನ್ನು 632ರ ಜನವರಿ 27 ಎಂದು ಗುರುತಿಸುತ್ತಾರೆ. ಮಗುವಿನ ಸಾವಿಗೆ ಸೂರ್ಯನೂ ಕಪ್ಪಾದ ಎಂದು ಜನ ಆಡಿಕೊಂಡರು. ತಂದೆ ಸುಮ್ಮನಿದ್ದರೂ ಸಾಕಿತ್ತು, ಅವರ ಮಹಿಮೆಗೆ ಅದೊಂದು ಸಾಕ್ಷಿಯಾಗಿ ಉಳಿಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ದೇವರ ಕುರುಹುಗಳು, ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯುವುದಿಲ್ಲ ಎಂದು ಜನರ ಎದುರಿಗೇ ಹೇಳಿದರು.

ಹಾಗಾದರೆ ಕಾಣದ್ದೇನೂ ಅವರಿಗೆ ತಿಳಿಯುತ್ತಿರಲಿಲ್ಲವೇ? ಹಾಗೂ ಅಲ್ಲ. 629ರಲ್ಲಿ ಈಗಿನ ಜೋರ್ಡಾನ್ ದೇಶದ ಮೂತಾ ಎಂಬಲ್ಲಿ ಯುದ್ಧವಾಯಿತು. ಜೈದ್, ಜಾಫರ್, ಅಬ್ದುಲ್ಲಾ ಎಂಬ ಮೂವರು ನಾಯಕರು ಮಡಿದುದನ್ನು, ಸುದ್ದಿ ಬರುವ ಮೊದಲೇ ಪೈಗಂಬರರು ಮದೀನಾದಲ್ಲಿ ಕಣ್ಣೀರಿಡುತ್ತ ತಿಳಿಸಿದರೆಂದು ಅದೇ ಗ್ರಂಥಗಳು ಹೇಳುತ್ತವೆ. ಕುರಾನಿನಲ್ಲಿಯೂ ಎರಡೂ ಬಗೆ ಇದೆ. ಏಳನೆಯ ಅಧ್ಯಾಯದಲ್ಲಿ, ಗೈಬ್ ತಮಗೆ ತಿಳಿದಿದ್ದರೆ ಕೇಡು ತಮ್ಮನ್ನು ಮುಟ್ಟುತ್ತಿರಲಿಲ್ಲ ಎಂದು ಸಾರಲು ಪೈಗಂಬರರಿಗೆ ಅಪ್ಪಣೆಯಾಗಿದೆ. ಎಪ್ಪತ್ತೆರಡನೆಯದರಲ್ಲಿ, ದೇವರು ತನಗೆ ಮೆಚ್ಚಿದ ದೂತನಿಗೆ ಅದನ್ನು ತಿಳಿಸುತ್ತಾನೆಂದಿದೆ.

ಈ ಎರಡನ್ನೂ ಹೇಗೆ ಹೊಂದಿಸಬೇಕು ಎಂಬುದರ ಮೇಲೆ ನಮ್ಮ ದೇಶದಲ್ಲೇ ದೊಡ್ಡ ವಾದ ನಡೆಯಿತು. 1866ರಲ್ಲಿ ಸ್ಥಾಪನೆಯಾದ ದೇವಬಂದ್ ಮದರಸಾದ ಪಂಡಿತರು, ‘ಗೈಬ್ ಬಲ್ಲವನು’ ಎಂಬ ಬಿರುದು ದೇವರಿಗೆ ಮಾತ್ರ ಸಲ್ಲುತ್ತದೆ ಎಂದರು. ಬರೇಲಿಯ ಅಹಮದ್ ರಜಾ ಖಾನರು ಮೆಕ್ಕಾದಲ್ಲಿದ್ದಾಗ ಇದೇ ವಿಷಯದ ಮೇಲೆ ಅರಬ್ಬಿಯಲ್ಲಿ ಒಂದು ಪುಸ್ತಕ ಬರೆದು, ದೇವರು ಪೈಗಂಬರರಿಗೆ ಕೊಟ್ಟ ಜ್ಞಾನ ಬಹು ವಿಶಾಲವಾದದ್ದು ಎಂದು ವಾದಿಸಿದರು. ಕೊಟ್ಟದ್ದು ಎಷ್ಟು, ಅದನ್ನು ಏನೆಂದು ಕರೆಯಬೇಕು ಎಂಬಲ್ಲಿ ಜಗಳ. ಸ್ವಂತ ಜ್ಞಾನ ದೇವರದು ಮಾತ್ರ, ಪ್ರವಾದಿಯದು ದೇವರು ಕೊಟ್ಟದ್ದು ಎಂಬಲ್ಲಿ ಇಬ್ಬರೂ ಒಂದೇ.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು, ನನ್ನ ಲೆಕ್ಕದಲ್ಲೇ ಹೇಳುತ್ತೇನೆ. ಕ್ಯಾಶಿಯರನ ಕೈಯಲ್ಲಿ ಲಕ್ಷಾಂತರ ರೂಪಾಯಿ ಓಡಾಡುತ್ತದೆ; ಅದು ಅವನ ಸ್ವಂತದ್ದಲ್ಲ. ಹಾಗೆಂದು ಅವನ ಕೈ ಬರಿದೂ ಅಲ್ಲ. ಕೊಟ್ಟದ್ದನ್ನು ತನ್ನದೆನ್ನದೆ, ಒಂದು ಪೈಸೆ ಹೆಚ್ಚು ಕಡಿಮೆಯಿಲ್ಲದೆ ಸೇರಬೇಕಾದವರಿಗೆ ಸೇರಿಸುವುದರಲ್ಲೇ ಅವನ ಮರ್ಯಾದೆ.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಎಲ್ಲ ಜಾತಿ ಮತಗಳ ಜನರೂ, ಕಳೆದ ದನಕ್ಕೆ, ಕೂಡದ ಮದುವೆಗೆ, ವಾಸಿಯಾಗದ ಕಾಯಿಲೆಗೆ ಕಾಣದ್ದನ್ನು ಹೇಳುವವರ ಬಾಗಿಲಿಗೆ ಹೋಗುತ್ತಾರೆ. ನಾಳಿನದು ನನಗೆ ಗೊತ್ತು, ಇಷ್ಟು ಹಣ ಇಡು ಎಂದು ಯಾರಾದರೂ ಅಂದರೆ, ಮಗನನ್ನು ಮಣ್ಣು ಮಾಡಿದ ದಿನವೂ ಸುಳ್ಳು ಮಹಿಮೆ ಬೇಡವೆಂದ ಆ ತಂದೆಯನ್ನು ನೆನೆಯಿರಿ.